ಸೇರಿದವರು ಎಲ್ಲಿ ಹೋದರು?



ಒಂದು ಸಮುದಾಯವು ವಿಜ್ಞಾನದಲ್ಲಿ ಹಿಂದುಳಿದರೆ, ಅವರ ಮಕ್ಕಳಿಗೆ ಆಸಕ್ತಿಯಿಲ್ಲ, ಹೆತ್ತವರಿಗೆ ಕಾಳಜಿಯಿಲ್ಲ ಎಂದು ತೀರ್ಪು ನೀಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಮೆರಿಕದಲ್ಲಿ ಈ ಮಾತು ಲ್ಯಾಟಿನೋಗಳ, ಅರ್ಥಾತ್ ಮೆಕ್ಸಿಕೊ ಮತ್ತು ಅದರ ದಕ್ಷಿಣದ ನಾಡುಗಳ ಮೂಲದವರ ಕುರಿತು ಕೇಳಿಬರುತ್ತದೆ. ಪ್ಯೂ ಸಂಶೋಧನಾ ಕೇಂದ್ರದ 2021ರ ವರದಿಯಂತೆ ಅಲ್ಲಿನ ದುಡಿಯುವವರಲ್ಲಿ ಅವರು ಶೇ. 17ರಷ್ಟಿದ್ದರೂ ವಿಜ್ಞಾನ-ತಂತ್ರಜ್ಞಾನದ ಉದ್ಯೋಗಗಳಲ್ಲಿ ಕೇವಲ ಶೇ. 8.

ಹಾಗಾದರೆ ಆಸಕ್ತಿಯ ಕೊರತೆಯೇ ಕಾರಣವೇ? 2019ರ ಒಂದು ಅಧ್ಯಯನ ಇದನ್ನು ಅಲ್ಲಗಳೆಯುತ್ತದೆ. ಕಾಲೇಜು ಸೇರುವಾಗ ವಿಜ್ಞಾನವನ್ನು ಆರಿಸಿಕೊಳ್ಳುವುದರಲ್ಲಿ ಅವರು ಬಿಳಿಯರಿಗೆ ಸರಿಸಮಾನರು. ಆದರೆ ಹೀಗೆ ಸೇರಿದ ಲ್ಯಾಟಿನೋಗಳಲ್ಲಿ ಶೇ. 37 ಮಂದಿ ಬೇರೆ ವಿಷಯಕ್ಕೆ ಹೊರಳುತ್ತಾರೆ, ಶೇ. 20 ಮಂದಿ ಪದವಿಯಿಲ್ಲದೆ ಕಾಲೇಜನ್ನೇ ತೊರೆಯುತ್ತಾರೆ. ಬಿಳಿಯರಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 29 ಮತ್ತು 13. ಬಾಗಿಲಿನವರೆಗೆ ಬಂದವರಲ್ಲ, ಒಳಗೆ ಕುಳಿತವರೇ ಎದ್ದು ಹೋಗುತ್ತಿದ್ದಾರೆ.

ಬಡತನ, ಓದಿನ ಜೊತೆಗಿನ ದುಡಿಮೆ, ಮನೆಯಲ್ಲಿ ಕಾಲೇಜು ಕಂಡ ಮೊದಲಿಗರೆಂಬ ಅಳುಕು, ಇವೆಲ್ಲ ನಮಗೆ ಅಪರಿಚಿತವಲ್ಲ. ಅಷ್ಟಾಗಿ ಗಮನಿಸದ ಇನ್ನೊಂದು ಕಾರಣವಿದೆ. 1970ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬವರು, ಕಪ್ಪು ವಿದ್ಯಾರ್ಥಿಗಳು ಗಣಿತದಲ್ಲಿ ಸೋಲುವುದೇಕೆಂದು ಅವರ ಜೊತೆಯಲ್ಲೇ ಇದ್ದು ಪರಿಶೀಲಿಸಿದರು. ಅವರು ಶ್ರಮಜೀವಿಗಳೇ, ಆದರೆ ಕೋಣೆಯಲ್ಲಿ ಒಂಟಿಯಾಗಿ ಓದುತ್ತಿದ್ದರು. ಚೀನೀ ಮೂಲದವರಾದರೋ ಒಟ್ಟಿಗೆ ಕುಳಿತು ಪರಸ್ಪರ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದರು. ಟ್ರೈಸ್‌ಮನ್ ಕಪ್ಪು ಮತ್ತು ಲ್ಯಾಟಿನೋ ವಿದ್ಯಾರ್ಥಿಗಳಿಗಾಗಿ ಗಣಿತ ಕಮ್ಮಟ ಆರಂಭಿಸಿದರು. ದಡ್ಡರಿಗೆ ಹೇಳಿಕೊಡುವ ಮರುಪಾಠ ಅದಾಗಿರಲಿಲ್ಲ (ಆ ಹಣೆಪಟ್ಟಿಯೇ ಅರ್ಧ ಸೋಲು). ಕಠಿಣ ಲೆಕ್ಕಗಳನ್ನೇ ಗುಂಪಿನಲ್ಲಿ ಬಿಡಿಸಲು ಕೊಟ್ಟರು. ಫಲಿತಾಂಶ ಗಣನೀಯವಾಗಿ ಸುಧಾರಿಸಿತು.

ಹೆತ್ತವರಿಗೆ ಕಾಳಜಿಯಿಲ್ಲ ಎನ್ನುವವರು ಹೋಸೆ ಹೆರ್ನಾಂಡಿಸ್‌ರ ಬದುಕನ್ನು ನೋಡಲಿ. ಬೆಳೆಯ ಬೆನ್ನು ಹಿಡಿದು ಊರೂರು ಅಲೆಯುವ ಕೂಲಿಕಾರರ ಮಗ. ಅಲೆದಾಟದಲ್ಲಿ ಮಗುವಿನ ಶಾಲೆ ಕೆಡುತ್ತಿದೆ ಎಂದು ಶಿಕ್ಷಕಿಯೊಬ್ಬರು ಮನೆಗೇ ಬಂದು ತಿಳಿಹೇಳಿದಾಗ, ಹೆತ್ತವರು ಕ್ಯಾಲಿಫೋರ್ನಿಯಾದ ಒಂದೇ ಊರಿನಲ್ಲಿ ನೆಲೆ ನಿಂತರು. ಮಗ ಇಂಜಿನಿಯರಾದ. ನಾಸಾ 11 ಬಾರಿ ತಿರಸ್ಕರಿಸಿದರೂ ಬಿಡದೆ 2009ರಲ್ಲಿ ಬಾಹ್ಯಾಕಾಶಕ್ಕೆ ಹೋದರು.

ಇಂತಹವರನ್ನು ಓದಿನಲ್ಲಿ ಉಳಿಸಿಕೊಳ್ಳುವುದು ಬರಿಯ ಮಾತಿನಿಂದಾಗದು, ಹಣ ಬೇಕು. ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ. 25 ಲ್ಯಾಟಿನೋಗಳಿರುವ ಕಾಲೇಜುಗಳಿಗೆ ಅಮೆರಿಕ ಸರಕಾರವು ವಿಶೇಷ ಅನುದಾನ ನೀಡುತ್ತಾ ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಆಡಳಿತವು, ಜನಾಂಗದ ಲೆಕ್ಕದಲ್ಲಿ ಹಣ ನೀಡುವುದು ಸಂವಿಧಾನಬಾಹಿರವೆಂದು ವಾದಿಸಿ, ಅದರ ದೊಡ್ಡ ಭಾಗವನ್ನು ನಿಲ್ಲಿಸುವುದಾಗಿ ಘೋಷಿಸಿತು. ಆ ಕಾಲೇಜುಗಳಲ್ಲಿ ಕಲಿಯುವ ಬಡ ಬಿಳಿಯರ ಮಕ್ಕಳಿಗೂ ಅದೇ ಹಣದಿಂದ ಪ್ರಯೋಗಾಲಯ ದೊರೆಯುತ್ತಿತ್ತು ಎಂಬುದನ್ನು ಆ ಘೋಷಣೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.