ಮಸ್ಕತ್ತಿನ ಕೋಟೆಗಳೂ ನಮ್ಮ ಅಕ್ಕಿಯೂ

(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಮಗಳ ಮನೆಗೆಂದು ಒಮಾನಿಗೆ ಹೋಗಿ ಮೂರು ವಾರ ಇದ್ದು ಬಂದೆ. ಅಷ್ಟಕ್ಕೇ ನನ್ನನ್ನು ದೊಡ್ಡ ಪ್ರವಾಸಿಯೆಂದು ಇಲ್ಲಿ ನಿಲ್ಲಿಸಿದ್ದೀರಿ. ಒಂಟೆ, ಮರಳುಗಾಡುಗಳ ವರ್ಣನೆ ನಿಮಗೆ ಬೇಕಾಗಿದ್ದರೆ ಕ್ಷಮಿಸಬೇಕು. ನಾನು ನೋಡಿದ್ದು ಹೆಚ್ಚಾಗಿ ಕಡಲನ್ನೇ.

ನಮ್ಮ ಅಜ್ಜ ಕುಂದಾಪುರದ ಕಡೆಯ ಮಂಜಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಮಸ್ಕತ್ತಿನ ಮಾತು ಬಂದರೆ, "ಎರಡು ಕೋಟೆಗಳ ನಡುವೆ ಹೊಕ್ಕೆವೋ, ಬದುಕಿದೆವು" ಎನ್ನುತ್ತಿದ್ದರು. ಆ ಎರಡು ಕೋಟೆಗಳು ಇಂದಿಗೂ ನಿಂತಿವೆ. ಪೂರ್ವಕ್ಕೆ ಜಲಾಲಿ, ಪಶ್ಚಿಮಕ್ಕೆ ಮೀರಾನಿ. ನಡುವೆ ಅಂಗೈಯಗಲದ ನೀರು. ಪೋರ್ತುಗೀಸರು 1507ರಲ್ಲಿ ಊರನ್ನು ಸುಟ್ಟು ವಶಮಾಡಿಕೊಂಡರು. ತುರ್ಕರ ದಾಳಿಗಳ ಭಯದಿಂದ 1580ರ ದಶಕದಲ್ಲಿ ಕೋಟೆಗಳನ್ನು ಬಲಪಡಿಸಿದರು. 1650ರಲ್ಲಿ ಇಮಾಮ ಸುಲ್ತಾನ್ ಬಿನ್ ಸೈಫನು ಅವರನ್ನು ಹೊರದೂಡಿದನು.

ಚರಿತ್ರೆ ಇಷ್ಟೇ. ಆದರೆ ಮೀರಾನಿಯ ಬುಡದಲ್ಲಿ ನಿಂತಾಗ ನನಗೆ ಬಂದ ಯೋಚನೆ ಬೇರೆ. ಸುತ್ತ ಕಾದ ಕಾವಲಿಯಂಥ ಕರಿಬಂಡೆ, ಹುಲ್ಲುಕಡ್ಡಿಯೂ ಹುಟ್ಟದು. ಇಲ್ಲಿ ಕಾವಲಿದ್ದ ಸೈನಿಕರು ಏನು ಉಂಡರು? ಉಂಡದ್ದು ಬಹುಮಟ್ಟಿಗೆ ನಮ್ಮ ಕನ್ನಡ ಕರಾವಳಿಯ ಅಕ್ಕಿ! ಬಸರೂರು, ಮಂಗಳೂರುಗಳಿಂದ ಹಡಗು ತುಂಬಿ ಹೋದದ್ದು. ತೋಪಿನ ಮಾತು ಎಲ್ಲ ಪುಸ್ತಕಗಳಲ್ಲಿಯೂ ಉಂಟು, ಅಕ್ಕಿಮುಡಿಯ ಮಾತನ್ನು ಹುಡುಕಬೇಕು. ಮುಂದೆ ಟಿಪ್ಪೂ ಸುಲ್ತಾನನು ಮಸ್ಕತ್ತಿನಲ್ಲಿ ತನ್ನದೇ ಕೋಠಿ ಇರಿಸಿ ಅಕ್ಕಿ, ಗಂಧ, ಮೆಣಸು ಮಾರಿಸಿದನು. ಅಲ್ಲಿಂದ ರೇಷ್ಮೆಹುಳು ತರಿಸಲು ಅವನು ಬರೆಸಿದ ಪತ್ರಗಳೂ ಇವೆ.

ಮಸ್ಕತ್ತಿನಿಂದ ಸೂರ್ ಪಟ್ಟಣದ ದಾರಿ ಹಿಡಿದರೆ ಒಂದು ಕಡೆ ಬೋಳುಬೆಟ್ಟ, ಇನ್ನೊಂದು ಕಡೆ ಬಿಳಿಯ ಮರಳದಂಡೆ. ನೀರಿನ ಬಣ್ಣ ಹೇಳಲು ಹೋಗುವುದಿಲ್ಲ, ಹೇಳಿದರೆ ನಂಬುವುದಿಲ್ಲ. ಸೂರ್‌ಗೆ ಸ್ವಲ್ಪ ಮೊದಲೇ ಕಲ್ಹಾತ್. ಈಗ ಉಳಿದಿರುವುದು ಕಲ್ಲುರಾಶಿ, ಗುಮ್ಮಟ ಬಿದ್ದುಹೋದ ಬೀಬಿ ಮರ್ಯಮಳ ಗೋರಿ. 14ನೆಯ ಶತಮಾನದಲ್ಲಿ ಇಬ್ನ ಬತೂತ ಸೂರ್‌ನಿಂದ ಇಲ್ಲಿಗೆ ಹತ್ತಿರವೆಂದು ನಂಬಿ ನಡೆದು ಕಾಲು ಕೆಡಿಸಿಕೊಂಡನು. ಜತೆಗಿದ್ದ ದಾರಿ ತೋರುವವನೇ ಬಟ್ಟೆ ಕದಿಯಲು ಹೊಂಚುತ್ತಿದ್ದನಂತೆ! ಊರು ಸೇರಿ ಎಲೆಯ ಮೇಲೆ ಸುಟ್ಟ ಮೀನನ್ನು ಅನ್ನದೊಡನೆ ತಿಂದು, ಇಂಥ ಮೀನು ಬೇರೆಲ್ಲಿಯೂ ತಿಂದಿಲ್ಲವೆಂದನು. ಅಕ್ಕಿ ಹಿಂದೂಸ್ಥಾನದ್ದೆಂದೂ ಬರೆದಿಟ್ಟನು.

ಅಕ್ಕಿ ಹೋದ ಕಡಲಿನಲ್ಲಿಯೇ ಕುದುರೆ ಬಂದಿತು. ಕಲ್ಹಾತಿನಿಂದ ಹಿಂದೂಸ್ಥಾನಕ್ಕೆ ಕುದುರೆಗಳು ಹೋಗುತ್ತಿದ್ದುದನ್ನು ಮಾರ್ಕೊ ಪೋಲೊ ಹೇಳಿದ್ದಾನೆ. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದು ನೂನಿಜ್ ಬರೆದಿದ್ದಾನೆ. ಲೆಕ್ಕ ಹಿಗ್ಗಿದ್ದರೂ ಇರಬಹುದು. ಅಲ್ಬುಕರ್ಕನು 1508ರಲ್ಲಿ ಕಲ್ಹಾತನ್ನು ಸುಟ್ಟನು. 1510ರಲ್ಲಿ ಗೋವೆ ಹಿಡಿದವನೂ ಅವನೇ. ಆ ಬಳಿಕ ಭಟ್ಕಳಕ್ಕೆ ಬರುತ್ತಿದ್ದ ಕುದುರೆಗಳನ್ನು ಗೋವೆಗೇ ತಿರುಗಿಸಲು ಪೋರ್ತುಗೀಸರು ಹೊರಟರು.

ಸೂರ್‌ನಲ್ಲಿ 1951ರಲ್ಲಿ ಕಟ್ಟಿದ 'ಫತಹ್ ಅಲ್ ಖೈರ್' ಎಂಬ ಮರದ ಹಡಗನ್ನು ದಡಕ್ಕೇರಿಸಿ ಕಾಪಾಡಿದ್ದಾರೆ. ಯಮನ್ ದೇಶಕ್ಕೆ ಮಾರಿಹೋಗಿದ್ದುದನ್ನು 1993ರಲ್ಲಿ ಊರಿಗೆ ಮರಳಿ ತಂದರಂತೆ. ಅದರ ನೆರಳಿನಲ್ಲಿ ಕುಳಿತಿದ್ದ ಮುದುಕನೊಬ್ಬ ಹಿಂದಿಯಲ್ಲಿ, "ಎಲ್ಲಿಯವರು?" ಎಂದ. "ಮುಂಬಯಿ" ಎಂದೆ. "ಅದು ಇರುವ ಊರು. ಹುಟ್ಟಿದ್ದು?" ಕುಂದಾಪುರ ಅವನಿಗೆ ತಿಳಿಯಲಿಲ್ಲ. ಮಂಗಳೂರು ಎಂದೊಡನೆ ಎದ್ದು ನಿಂತು ಕೈ ಹಿಡಿದುಕೊಂಡ. ಅವನ ತಂದೆ ಅಲ್ಲಿಂದ ಹಂಚು ತರುತ್ತಿದ್ದನಂತೆ. "ನಿನ್ನವರೂ ಬಂದಿದ್ದರೇ? ಯಾವ ಹಡಗು?" ಎಂದು ಕೇಳಿದ.

ಉತ್ತರ ನನ್ನಲ್ಲಿರಲಿಲ್ಲ. ಅಜ್ಜನ ಲೆಕ್ಕದ ಪುಸ್ತಕಗಳು ಬಹುಕಾಲ ಊರ ಮನೆಯ ಅಟ್ಟದಲ್ಲಿದ್ದವು. 1978ರಲ್ಲಿ ಮನೆ ಮಾರುವಾಗ ನಾನೇ ಅವನ್ನು ರದ್ದಿಯವನಿಗೆ ತೂಗಿಸಿ ಕೊಟ್ಟೆ. ಹಡಗಿನ ಹೆಸರೂ ಅದರೊಡನೆ ಹೋಯಿತು. ಮುದುಕನಿಗೆ ಇದನ್ನು ಹೇಳಲಾಗದೆ, ಮರೆತಿದೆ ಎಂದುಬಿಟ್ಟೆ.

ನಿಮ್ಮಲ್ಲಿ ಕರಾವಳಿಯವರು ಅನೇಕರಿದ್ದೀರಿ. ಯಾರ ಮನೆಯಲ್ಲಾದರೂ ಇಂಥ ಪುಸ್ತಕ ಉಳಿದಿದ್ದರೆ, ಹುಳು ಹಿಡಿದಿದ್ದರೂ ಸರಿ, ಈ ವಾಚನಾಲಯಕ್ಕೆ ಒಂದು ದಿನ ತನ್ನಿರಿ. ಕುಳಿತು ಪ್ರತಿ ಮಾಡಿಕೊಳ್ಳಲು ನನಗೆ ಬಿಡುವಿದೆ.