ಸೆರಗಿನ ಗಂಟು



ಬೆಳಗಿನ ಲೋಕಲ್ ಹಿಡಿಯುವ ಗಡಿಬಿಡಿ. ಅಡುಗೆಮನೆಯಿಂದ ಅಮ್ಮನ ದನಿ: "ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ, ನೆನಪಾಗ್ತಿಲ್ಲ ಕಣೇ." ಚಪ್ಪಲಿ ಮೆಟ್ಟುತ್ತಾ ನಾನಂದೆ, "ಏನಮ್ಮಾ, ಅರಳು ಮರಳು ಶುರುವಾಯ್ತಾ?" ತಮಾಷೆಗೆ ಅಂದದ್ದು. ಆದರೆ ಅಮ್ಮ ಅಂದಿನಿಂದ ಕೇಳುವುದನ್ನೇ ಬಿಟ್ಟರು. ತಿಂಗಳ ಕೊನೆಗೆ ಎಣಿಸಿದರೆ ಮಾತ್ರೆ ನಾಲ್ಕು ದಿನ ಮೊದಲೇ ಮುಗಿದಿತ್ತು. ಅನುಮಾನ ಬಂದ ದಿನ ಇನ್ನೊಂದು ನುಂಗಿದ್ದರು. ನನ್ನ ತಮಾಷೆ ನನಗೇ ಚುಚ್ಚಿತು.

ನಡೆದದ್ದನ್ನು ನೆನೆಯುವುದು ಒಂದು ಬಗೆ. ಮುಂದೆ ಮಾಡಬೇಕಾದದ್ದನ್ನು ಆ ಹೊತ್ತಿಗೆ ಸರಿಯಾಗಿ ನೆನೆಯುವುದು ಇನ್ನೊಂದು ಬಗೆ. ಈ ಎರಡನೆಯದರ ಬಗ್ಗೆ 1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಗಿಲ್ ಐನ್‌ಸ್ಟೈನ್ ಮತ್ತು ಮಾರ್ಕ್ ಮೆಕ್‌ಡೇನಿಯಲ್ ಒಂದು ಪ್ರಯೋಗ ಪ್ರಕಟಿಸಿದರು. ಬೇರೆ ಕೆಲಸ ಮಾಡುತ್ತಿರುವಾಗ ಒಂದು ಗೊತ್ತಾದ ಪದ ಕಂಡರೆ ಗುಂಡಿ ಒತ್ತಬೇಕು, ಅಷ್ಟೇ. ಹಿರಿಯರು ಕಿರಿಯರಷ್ಟೇ ಚೆನ್ನಾಗಿ ಒತ್ತಿದರು! ಆದರೆ ಮುಂದಿನ ಪ್ರಯೋಗಗಳಲ್ಲಿ, ಯಾವ ಗುರುತೂ ಇಲ್ಲದೆ ತಾವೇ ಗಡಿಯಾರ ನೋಡಿಕೊಂಡು ಮಾಡಬೇಕಾದಾಗ ಹಿರಿಯರು ಹಿಂದೆ ಬಿದ್ದರು.

ಇನ್ನೂ ಸೋಜಿಗವೆಂದರೆ, ಪ್ರಯೋಗಾಲಯದಲ್ಲಿ ಸೋತ ಹಿರಿಯರು, ಇಂಥ ಹೊತ್ತಿಗೆ ಫೋನ್ ಮಾಡಿ ಎಂದು ಹೇಳಿ ಮನೆಗೆ ಕಳಿಸಿದರೆ, ಎಷ್ಟೋ ಸಲ ಹುಡುಗರನ್ನೇ ಮೀರಿಸುತ್ತಾರೆ. ಮನೆಯ ದಿನಚರಿಗೆ ಒಂದು ಕ್ರಮವಿರುತ್ತದೆ, ಒಪ್ಪಿಕೊಂಡ ಕೆಲಸದ ಮೇಲೆ ನಿಗಾ ಇರುತ್ತದೆ. ಇವು ಅದಕ್ಕೆ ಕಾರಣವಿರಬಹುದು ಎನ್ನುತ್ತಾರೆ ತಜ್ಞರು.

ಅಂದಮೇಲೆ ಬೇಕಾದದ್ದು ಗದರಿಕೆಯಲ್ಲ, ಗುರುತು. ನಮ್ಮ ಅಜ್ಜಿಯರು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಒಂದೇ ಕೊರತೆ: ಏನೋ ಮಾಡಬೇಕು ಎಂದು ಗಂಟು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ. ಆದ್ದರಿಂದ ಗಂಟನ್ನು ಕೆಲಸಕ್ಕೇ ಹಾಕಿ. "ನಾಳೆ ಮಾತ್ರೆ ತಗೋಬೇಕು" ಅನ್ನುವ ಬದಲು "ಕಾಫಿ ಲೋಟ ಕೆಳಗಿಟ್ಟ ಕೂಡಲೇ ಮಾತ್ರೆ" ಅನ್ನಿ. ಎಲ್ಲಿ, ಯಾವಾಗ, ಹೇಗೆ ಎಂದು ಕಣ್ಮುಚ್ಚಿ ಒಮ್ಮೆ ಚಿತ್ರಿಸಿಕೊಳ್ಳಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ಚಿತ್ರಿಸಿಕೊಂಡ ಹಿರಿಯರು ಮನೆಯಲ್ಲಿ ರಕ್ತದ ಸಕ್ಕರೆ ಪರೀಕ್ಷೆಯನ್ನು ಉಳಿದವರಿಗಿಂತ ಹೆಚ್ಚು ತಪ್ಪದೆ ಮಾಡಿದರು.

ನುಂಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ವಾರದ ಏಳು ಖಾನೆಗಳ ಡಬ್ಬಿಯೇ ಉತ್ತರ. ಸೋಮವಾರದ ಖಾನೆ ಖಾಲಿಯಾಗಿದ್ದರೆ ಸೋಮವಾರದ್ದು ಮುಗಿಯಿತು. ಅನುಮಾನವಿದ್ದಾಗ ಮಾತ್ರ ಇನ್ನೊಂದು ನುಂಗಬೇಡಿ, ಡಾಕ್ಟರನ್ನು ಕೇಳಿ. ಗೊತ್ತಿದ್ದ ದಾರಿಯೇ ತಪ್ಪುವುದು, ಮಾಡುತ್ತಿದ್ದ ಅಡುಗೆಯ ಕ್ರಮವೇ ಮರೆಯುವುದು, ಇಂಥವು ಕಂಡರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಆಗಲೂ ಡಾಕ್ಟರಿಗೆ ತೋರಿಸಿ.

ಈಗ ನಮ್ಮ ಮನೆಯಲ್ಲಿ ಡಬ್ಬಿ ಕಾಫಿ ಪುಡಿಯ ಪಕ್ಕದಲ್ಲೇ ಇದೆ. ಅಮ್ಮ ಮತ್ತೆ ಕೇಳತೊಡಗಿದ್ದಾರೆ: "ಮಾತ್ರೆ ನಾನು ನುಂಗಿದೆ. ನೀನು ಮೊಬೈಲು ತಗೊಂಡೆಯಾ?" ಅಂದ ಹಾಗೆ, ಅವತ್ತು ಮೊಬೈಲು ಮನೆಯಲ್ಲೇ ಉಳಿದಿತ್ತು.

ಮುಂದಿನ ವಾರ ಇದೇ ಹೊತ್ತಿಗೆ ಭೇಟಿಯಾಗೋಣ. ಮರೆಯಬೇಡಿ!