ಶ್ರಾವಕನ ವಾಹನ
(ಬಸದಿಯ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ನಮ್ಮ ಪೂರ್ವಾಚಾರ್ಯರು ಬಾಹ್ಯ ಪರಿಗ್ರಹಗಳನ್ನು ಹತ್ತೆಂದು ಎಣಿಸಿದ್ದಾರೆ: ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯನಾಸನ, ಕುಪ್ಯ, ಭಾಂಡ. ಹೊಲ, ಮನೆ, ಹೊನ್ನುಗಳಿಗೆ ಮಿತಿ ಹಾಕಿಕೊಂಡು ವ್ರತ ಹಿಡಿಯುವ ಶ್ರಾವಕರು ಇಂದಿಗೂ ಇದ್ದಾರೆ. ಯಾನದ ಮಾತು ಬಂದಾಗ ಮಾತ್ರ ಮಿತಿ ಸಡಿಲವಾಗುತ್ತದೆ. ಅದು ಅನುಕೂಲದ ವಸ್ತುವಲ್ಲವೇ ಎಂಬ ಸಮಾಧಾನ ಕೂಡಲೇ ಒದಗುತ್ತದೆ.

ಸಮಂತಭದ್ರಾಚಾರ್ಯರು ಈ ಸಡಿಲಿಕೆಯನ್ನು ಬಹು ಹಿಂದೆಯೇ ಕಂಡಿದ್ದರು. ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅವರು ಮೊದಲು ಹೆಸರಿಸುವುದು ಅತಿವಾಹನವನ್ನು. ಎತ್ತು ಮೊದಲಾದ ಪ್ರಾಣಿಗಳನ್ನು ಅವುಗಳ ಶಕ್ತಿಮೀರಿ ನಡೆಸುವುದು ಎಂದು ಇದಕ್ಕೆ ಒಂದು ಅರ್ಥ. ಅಗತ್ಯಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದು ಎಂದು ಇನ್ನೊಂದು. ಅದೇ ಪಟ್ಟಿಯಲ್ಲಿ ವಿಸ್ಮಯವೂ ಇದೆ, ಅಂದರೆ ಪರರ ಸಂಪತ್ತನ್ನು ಕಂಡು ಬೆರಗಾಗಿ ಕೊರಗುವುದು. ನೆರೆಯವರ ಅಂಗಳಕ್ಕೆ ಹೊಸ ಕಾರು ಬಂದ ಸಂಜೆ ಈ ಅತಿಚಾರ ಎಷ್ಟು ಮನೆಗಳನ್ನು ಹೊಗುತ್ತದೆಂಬುದನ್ನು ಸಭಿಕರಿಗೆ ವಿವರಿಸಬೇಕಾಗಿಲ್ಲ.

ವಾಹನಪ್ರಿಯರಲ್ಲಿ ಒಂದು ರೂಢಿಯುಂಟು. ಬೆಲೆಬಾಳುವ ಹೊಸ ಕಾರನ್ನು ಕೊಟ್ಟು, ಅದರ ಬದಲಿಗೆ ಸರಳವಾದೊಂದು ಹಳೆಯ ಕಾರನ್ನು ಪಡೆಯುತ್ತಾರೆ. ಹಳೆಯದರಲ್ಲಿ ಒಂದು ನೈಜ ಸರಳತೆ ಇರುವುದು ಸುಳ್ಳಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಫೋರ್ಡ್ ಕಂಪನಿಯ ಟಿ ಮಾದರಿಯ ಕಾರಿನ ಶಕ್ತಿ ಕೇವಲ 20 ಅಶ್ವಶಕ್ತಿ. ಹಳ್ಳಿಯ ಕಮ್ಮಾರನೂ ಅದನ್ನು ಬಿಚ್ಚಿ ಕೂಡಿಸಬಲ್ಲವನಾಗಿದ್ದ. ಇಂಥ ವಿನಿಮಯವನ್ನು ನೋಡಿದವರು ತ್ಯಾಗವೆಂದು ಹೊಗಳುವುದುಂಟು. ಆದರೆ ಅದು ನಿಜಕ್ಕೂ ತ್ಯಾಗವೇ?

2022ರ ಮೇ ತಿಂಗಳಲ್ಲಿ 1955ರ ಒಂದು ಮರ್ಸಿಡಿಸ್ ಬೆಂಜ್ ಕಾರು ಹರಾಜಿನಲ್ಲಿ 13.5 ಕೋಟಿ ಯೂರೋಗೆ ಮಾರಾಟವಾಯಿತು. ಹಳೆಯದೆಂದ ಮಾತ್ರಕ್ಕೆ ಪರಿಗ್ರಹ ಕಿರಿದಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಎಂದರೆ ನನ್ನದೆಂಬ ಮೋಹದಲ್ಲಿ ಕಂಡರು. ಹೊಸ ಕಾರಿಗೆ ಗೀರು ಬಿದ್ದರೆ ಒಂದು ದಿನ ನೋಯುವವನು ಹಳೆಯ ಕಾರಿನ ಗೀರಿಗೆ ಒಂದು ವರ್ಷ ನೊಂದರೆ, ವಿನಿಮಯದಲ್ಲಿ ಅವನಿಗೆ ನಷ್ಟವೇ ಆಯಿತೆನ್ನಬೇಕು. ಧರ್ಮಸ್ಥಳದಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳನ್ನು ಸಂಗ್ರಹಿಸಿ ಸಾರ್ವಜನಿಕರ ದರ್ಶನಕ್ಕೆ ಇರಿಸಿದ್ದಾರೆ. ಅಲ್ಲಿ ಕಾರು ಒಬ್ಬರ ಸವಾರಿಯ ಸಾಧನವಾಗಿ ಉಳಿದಿಲ್ಲ. ಬಂದ ಯಾತ್ರಿಕನೂ ಶಾಲೆಯ ಹುಡುಗನೂ ನೋಡಿ ಕಲಿಯುವ ವಸ್ತುವಾಗಿದೆ. ಬೀಗ ಹಾಕಿದ ಶೆಡ್ಡಿನಲ್ಲಿ ಬಟ್ಟೆ ಹೊದಿಸಿಟ್ಟ ಹಳೆಯ ಕಾರಿಗೂ ಇದಕ್ಕೂ ಅಂತರ ದೊಡ್ಡದು.

ಭರತ ಚಕ್ರವರ್ತಿಗೆ 84 ಲಕ್ಷ ಆನೆಗಳು, 84 ಲಕ್ಷ ರಥಗಳು, 18 ಕೋಟಿ ಕುದುರೆಗಳಿದ್ದವೆಂದು ಪುರಾಣ ಹೇಳುತ್ತದೆ. ಅಷ್ಟಿದ್ದೂ ದೀಕ್ಷೆಯ ಬಳಿಕ ಅಂತರ್ಮುಹೂರ್ತದಲ್ಲೇ ಅವನಿಗೆ ಕೇವಲಜ್ಞಾನವಾಯಿತು. ಈ ಕಥೆಯನ್ನು ಮುಂದೊಡ್ಡಿ, ಎಷ್ಟು ವಾಹನಗಳಿದ್ದರೇನು, ಮನಸ್ಸು ನಿರ್ಲಿಪ್ತವಾಗಿದ್ದರೆ ಸಾಕೆಂದು ವಾದಿಸುವ ಜಾಣರೂ ಇದ್ದಾರೆ. ಭರತನ ರಥಗಳನ್ನು ಎಣಿಸುವವರು ಭರತನ ವೈರಾಗ್ಯವನ್ನೂ ತೂಗಿ ನೋಡಿಕೊಳ್ಳುವುದು ಒಳಿತು.

ಇನ್ನು ಅಹಿಂಸೆಯ ಮಾತು. ಐಷಾರಾಮಿ ಕಾರುಗಳ ಆಸನಗಳಿಗೆ ಪ್ರಾಣಿಗಳ ಚರ್ಮ ಹೊದಿಸುವುದು ಇಂದಿಗೂ ಹೆಗ್ಗಳಿಕೆಯೆನಿಸಿಕೊಂಡಿದೆ. ಬಸದಿಯೊಳಕ್ಕೆ ಚರ್ಮದ ಪಟ್ಟಿಯನ್ನೂ ತಾರದವನು, ಬಸದಿಯ ಬಾಗಿಲವರೆಗೆ ಚರ್ಮದ ಮೇಲೆ ಕುಳಿತು ಬರುವುದು ಯಾವ ನ್ಯಾಯ? ನೇಮಿನಾಥ ಸ್ವಾಮಿ ತಮ್ಮ ಮದುವೆಯ ದಿಬ್ಬಣದಲ್ಲಿ ಕಟ್ಟಿಹಾಕಿದ ಪಶುಗಳ ಆಕ್ರಂದನ ಕೇಳಿ ರಥವನ್ನು ಹಿಂತಿರುಗಿಸಿದರು. ಆ ರಥದ ಬದಲಿಗೆ ಅವರು ಇನ್ನೊಂದು ರಥವನ್ನು ಏರಲಿಲ್ಲ; ಗಿರ್ನಾರಿಗೆ ಹೋಗಿ ದೀಕ್ಷೆ ಪಡೆದರು. ಪಂಚಕಲ್ಯಾಣದಲ್ಲಿ ದೀಕ್ಷಾಕಲ್ಯಾಣದ ಪಲ್ಲಕ್ಕಿಯನ್ನು ಹೊತ್ತವರು ಇದನ್ನು ಬಲ್ಲರು. ವನದವರೆಗೆ ಮಾತ್ರ ಪಲ್ಲಕ್ಕಿ, ಆ ಮೇಲೆ ಬರಿಯ ಪಾದ.

ಗೃಹಸ್ಥನಿಗೆ ಅಷ್ಟು ಕಠಿಣ ಮಾರ್ಗ ವಿಧಿಸಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ತೋಟದಿಂದ ಪೇಟೆಗೆ, ಪೇಟೆಯಿಂದ ಹೊಂಬುಜದ ಪದ್ಮಾವತಿ ಅಮ್ಮನವರ ಸನ್ನಿಧಿಗೆ ವಾಹನವಿಲ್ಲದೆ ಆಗುವುದಿಲ್ಲ. ಆದರೆ ಈ ಸೀಮೆಯ ಮಳೆಗಾಲವನ್ನು ನೆನೆಯಬೇಕು. ಆಗುಂಬೆಯ ಸುತ್ತ ಮಳೆ ಹಿಡಿದ ರಾತ್ರಿ ರಸ್ತೆಯ ಮೇಲೆ ಕಪ್ಪೆ, ಬಸವನಹುಳು, ಹಾತೆಗಳು ತುಂಬಿರುತ್ತವೆ. ಮುನಿಗಳು ಆ ನಾಲ್ಕು ತಿಂಗಳು ವಿಹಾರವನ್ನೇ ನಿಲ್ಲಿಸುತ್ತಾರೆ. ಉಳಿದ ದಿನಗಳಲ್ಲಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡು ಹೆಜ್ಜೆ ಇಡುತ್ತಾರೆ. ಗಂಟೆಗೆ ನೂರು ಮೈಲಿ ಓಡಬಲ್ಲ ಯಂತ್ರಕ್ಕೆ ಈರ್ಯಾಸಮಿತಿಯನ್ನು ಯಾರು ಕಲಿಸಬಲ್ಲರು? ನಿಧಾನವಾಗಿ ಸಾಗುವ ಹಳೆಯ ಗಾಡಿಗೆ ನಮ್ಮ ದೃಷ್ಟಿಯಲ್ಲಿ ಯಾವುದಾದರೂ ಗುಣವಿದ್ದರೆ ಅದು ಈ ನಿಧಾನವೇ ಹೊರತು ಅದರ ವಯಸ್ಸಲ್ಲ.

1927ರ ಕರ್ನಾಟಕ ಪ್ರವಾಸದಲ್ಲಿ ಮಹಾತ್ಮಾ ಗಾಂಧಿಯವರು ಸಾಗರಕ್ಕೆ ಬಂದಿದ್ದರು. ಜೋಗ ಸಮೀಪದಲ್ಲೇ ಇತ್ತು. 253 ಮೀಟರು ಎತ್ತರದಿಂದ ಧುಮುಕುವ ಆ ನೀರನ್ನು ನೋಡಿಬರೋಣವೆಂದು ಜೊತೆಯಲ್ಲಿದ್ದ ಕಾಕಾ ಕಾಲೇಲ್ಕರರು ಒತ್ತಾಯಿಸಿದರು. ಅದಕ್ಕಿಂತಲೂ ಎತ್ತರದಿಂದ, ಆಕಾಶದಿಂದಲೇ ಮಳೆಯ ನೀರು ಬೀಳುತ್ತದಲ್ಲ ಎಂದು ಗಾಂಧಿಯವರು ನಕ್ಕು, ತಾವು ಹೋಗದೆ ಉಳಿದರು. ಕಾಲೇಲ್ಕರರು ಜೋಗವನ್ನು ನೋಡಿ ಬಂದರು.